ಸೇವೆಯೂ ನಿಯಮವೂ

ಬೆಂಗಳೂರಿನ ಪಶ್ಚಿಮಭಾಗದಲ್ಲಿ, ರಾಜಾಜಿನಗರ ವಿಜಯನಗರಗಳಿಂದ ಕೆಂಗೇರಿಯವರೆಗೆ, ಕಾಲೇಜುಗಳ ತರುಣ ತರುಣಿಯರು ರಜಾದಿನದ ಬೆಳಗ್ಗೆ ಪೊರಕೆ ಗುದ್ದಲಿ ಮಂಕರಿಗಳನ್ನು ಹಿಡಿದು ಗುಂಪುಗೂಡಿ ನಿಂತಿರುವುದನ್ನು ಆ ಕಡೆಯ ಗೃಹಸ್ಥರು ಕಂಡೇ ಇರುವರು. ಕೆಲಸಕ್ಕೆ ತೊಡಗುವ ಮುನ್ನ ಅಧ್ಯಾಪಕರೊಬ್ಬರು ಹಾಜರಿ ಕೂಗುತ್ತಾರೆ. ಕೆಲಸ ಮುಗಿದ ಬಳಿಕ ಎಷ್ಟು ಗಂಟೆಗಳಾದುವೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬಂದವರಿಗೆ ಸ್ವಯಂಸೇವಕರೆಂದು ಹೆಸರು. ತಾನಾಗಿ ಬಂದವನಿಗೆ ಹಾಜರಿ ಏಕೆ, ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಗಂಟೆಯ ಲೆಕ್ಕವೇಕೆ ಎಂಬ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ಏಳುವುದು ಸಹಜ. ಸರ್ಕಾರವೇ ಸಮಿತಿಗಳನ್ನು ನೇಮಿಸಿ, ಕೈಪಿಡಿಯನ್ನು ಬರೆಯಿಸಿ, ಜನರ ಸೇವಾಬುದ್ಧಿಯನ್ನು ವಿಧಿನಿಷೇಧಗಳಿಂದ ನಡೆಯಿಸಲು ಹೊರಡುವುದು ಯುಕ್ತವೆ? ಯುಕ್ತವಾದರೆ, ಆ ನಿಯಮಗಳು ಎಂಥವಾಗಿರಬೇಕು?

ಮೊದಲು ಶಬ್ದವನ್ನೇ ಪರೀಕ್ಷಿಸತಕ್ಕದ್ದು. ಇಂದು ಸೇವೆಯೆಂಬ ಮಾತು ಕಿವಿಗೆ ಬಿದ್ದೊಡನೆ ಗೌರವಭಾವ ಹುಟ್ಟುತ್ತದೆ. ಪೂರ್ವಿಕರಿಗೆ ಹಾಗಿರಲಿಲ್ಲ. ಮನುಸ್ಮೃತಿಯು ಜೀವನೋಪಾಯಗಳನ್ನು ಎಣಿಸುವಾಗ ಸೇವೆಯನ್ನು ನಾಯಿಯ ಬಾಳಿಗೆ ಸಮಾನವೆಂದು ಕರೆದು, ಬ್ರಾಹ್ಮಣನು ಅದನ್ನು ಬಿಡಬೇಕೆಂದಿದೆ. ಭರ್ತೃಹರಿಯು ಸೇವಾಧರ್ಮವು ಯೋಗಿಗಳಿಗೂ ನಿಲುಕದಷ್ಟು ಗಹನವೆಂದನು. ಈ ಮಾತನ್ನು ಈಗಿನ ಸಭೆಗಳಲ್ಲಿ ಸಮಾಜಸೇವೆಯ ಸ್ತುತಿಯಾಗಿ ಉದ್ಧರಿಸುವ ರೂಢಿ ಬಿದ್ದಿದೆ. ಆದರೆ ಪ್ರಕರಣವನ್ನು ನೋಡಿದರೆ ಕವಿ ವರ್ಣಿಸುತ್ತಿರುವುದು ಒಡೆಯನ ಮುಂದೆ ನಿಂತ ಆಳಿನ ಪಾಡನ್ನು. ಅವನು ಸುಮ್ಮನಿದ್ದರೂ ತಪ್ಪು, ಮಾತಾಡಿದರೂ ತಪ್ಪು, ಹತ್ತಿರ ನಿಂತರೂ ದೂರ ನಿಂತರೂ ತಪ್ಪು. ಹೀಗೆ ಕೀಳೆನಿಸಿದ್ದ ಶಬ್ದವನ್ನು ಭಕ್ತಿಮಾರ್ಗದವರು ದೇವರ ಪಾದಕ್ಕೆ ತಿರುಗಿಸಿ ಶುದ್ಧಿಗೊಳಿಸಿದರು. ಈಚಿನ ಕಾಲದವರು ಅದರ ಹಿಂದೆ 'ಸ್ವಯಂ' ಎಂಬ ಪದವನ್ನಿಟ್ಟು ಮನುಷ್ಯರ ನಡುವೆಯೂ ಅದಕ್ಕೆ ಮಾನವನ್ನು ತಂದರು. ಆದುದರಿಂದ ಆ ಪೂರ್ವಪದವು ಅಲಂಕಾರವಲ್ಲ. ನಿಯಮದ ಭಾರಕ್ಕೆ ಸಿಕ್ಕಿ ಅದು ಕಳಚಿಹೋದರೆ ಉಳಿಯುವುದು ಹಳೆಯ ಆಳುತನವೇ, ಅದೂ ಸಂಬಳವಿಲ್ಲದ್ದು.

ಈ ಅಪಾಯವನ್ನು ನಮ್ಮ ದೇಶದ ಹಿರಿಯರು ಅರಿಯದೆ ಇರಲಿಲ್ಲ. 1959ರಲ್ಲಿ ಸಿ. ಡಿ. ದೇಶಮುಖರ ಅಧ್ಯಕ್ಷತೆಯಲ್ಲಿ ಕುಳಿತ ಸಮಿತಿಯು, ಪ್ರೌಢಶಾಲೆಯನ್ನು ಮುಗಿಸಿ ಕಾಲೇಜು ಸೇರಬಯಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರಸೇವೆಯನ್ನು ಕಡ್ಡಾಯವಾಗಿ ಸಲ್ಲಿಸಬೇಕೆಂದು ಸಲಹೆಯಿತ್ತಿತು. ಮರುವರ್ಷ, ಹಲವು ದೇಶಗಳ ಪದ್ಧತಿಗಳನ್ನು ಪರಿಶೀಲಿಸಿದ ಕೆ. ಜಿ. ಸೈಯಿದೈನರು ಬಲವಂತ ಬೇಡ, ಇಚ್ಛೆಯಿದ್ದವರು ಬರಲಿ ಎಂಬ ಪಕ್ಷವನ್ನು ಹಿಡಿದರು. ಕೊನೆಗೆ ನಿಂತದ್ದು ಈ ಪಕ್ಷವೇ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣಮಂತ್ರಿಗಳಾದ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಆಗ ಸೇರಿದ ವಿದ್ಯಾರ್ಥಿಗಳು ಸುಮಾರು 40,000. ರಾಯರು ಆಗ ಲೋಕಸಭೆಯಲ್ಲಿ ಬಳ್ಳಾರಿಯ ಪ್ರತಿನಿಧಿ. 1972ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯು ಇಂದು ವಿಜಯನಗರಕ್ಕೆ ಸಮೀಪದ ನಾಗರಭಾವಿಯಲ್ಲಿದೆ. ಮೇಲೆ ಹೇಳಿದ ತರುಣರ ಹಾಜರಿ ಪುಸ್ತಕದ ಮೂಲವನ್ನು ಹುಡುಕಿಕೊಂಡು ಹೋಗುವವರು ಬಹುದೂರ ಹೋಗಬೇಕಾಗಿಲ್ಲ.

ಯೋಜನೆಯ ನಿಯಮದಂತೆ ಸ್ವಯಂಸೇವಕನು ವರ್ಷಕ್ಕೆ 120 ಗಂಟೆ, ಎರಡು ವರ್ಷಗಳಲ್ಲಿ 240 ಗಂಟೆ ದುಡಿಯತಕ್ಕದ್ದು. ಇದರ ಮೇಲೆ ಏಳು ದಿನಗಳ ವಿಶೇಷ ಶಿಬಿರವುಂಟು. ವರ್ಷದ 120 ಗಂಟೆಗಳಲ್ಲಿ 20 ಗಂಟೆ ತಿಳಿವಳಿಕೆಗೆ, ಸುಮಾರು 30 ಗಂಟೆ ಕಾಲೇಜಿನ ಆವರಣದ ಕೆಲಸಕ್ಕೆ. ಹೊರಗಿನ ಜನರಿಗೆ ಸಲ್ಲುವುದು ಉಳಿದ 70. ಎಲ್ಲವನ್ನೂ ಪೂರೈಸಿದವನಿಗೆ ಪ್ರಮಾಣಪತ್ರ. ಇಲ್ಲಿ ಆಕ್ಷೇಪ ಮಾಡುವವರು ಕೇಳುತ್ತಾರೆ: ಪತ್ರದ ಆಸೆಗೆ ಬಂದವನು ಸೇವಕನು ಹೇಗಾದಾನು? ಫಲವನ್ನು ಬಯಸಿ ಮಾಡಿದುದು ಕಾಮ್ಯಕರ್ಮವಲ್ಲವೆ?

ಅಹುದು, ಕಾಮ್ಯವೇ. ಆದರೆ ಕಾಮ್ಯಕರ್ಮವನ್ನು ಶಾಸ್ತ್ರವು ನಿಷ್ಕಾಮಕರ್ಮಕ್ಕಿಂತ ಕೆಳಗಿರಿಸಿತೇ ಹೊರತು ಸುಳ್ಳೆನ್ನಲಿಲ್ಲ. ಪತ್ರದ ಆಸೆಯಿಂದ ಹೊತ್ತು ತಂದ ಕೊಡದ ನೀರೂ ಬಾಯಾರಿದವನ ದಾಹವನ್ನು ತಣಿಸುತ್ತದೆ. ತರುಣನೊಬ್ಬನ ಮನಸ್ಸಿನೊಳಗೆ ಇಣಿಕಿ ನೋಡುವ ಅಧಿಕಾರ ಯಾವ ಸಮಿತಿಗೂ ಇಲ್ಲ, ಶಕ್ತಿಯೂ ಇಲ್ಲ. ನಿಜವಾದ ಕೇಡು ಬೇರೆ ಕಡೆ ಇದೆ. ಎಲ್ಲಿಯಾದರೂ ಮಾಡದ ಗಂಟೆಗಳನ್ನು ಮಾಡಿದುವೆಂದು ಬರೆದು ರುಜು ಹಾಕಿದರೆ, ಆ ಹುಡುಗನು ಸೇವೆಯ ಹೆಸರಿನಲ್ಲಿ ಕಲಿತ ಮೊದಲ ಪಾಠವೇ ಅಸತ್ಯವಾಗುತ್ತದೆ. ಆಸೆಯಿಂದ ಮಾಡಿದವನು ಕಾಲಕ್ರಮದಲ್ಲಿ ಆಸೆಯನ್ನು ಬಿಟ್ಟಾನು. ಮಾಡದೆ ಪತ್ರ ಪಡೆದವನಿಗೆ ಬಿಡಲು ಏನೂ ಇಲ್ಲ.

ಹಾಗಾದರೆ ನಿಯಮವು ಎಲ್ಲಿಯವರೆಗೆ ಹೋಗಬಹುದು? ಮೀಮಾಂಸಕರು ವಿಧಿಯನ್ನು ಮೂರು ಬಗೆಯಾಗಿ ವಿಭಾಗಿಸಿರುವುದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಬೇರೆ ಯಾವ ರೀತಿಯಿಂದಲೂ ತಿಳಿಯದ ಕರ್ಮವನ್ನು ಹೊಸದಾಗಿ ವಿಧಿಸುವುದು ಅಪೂರ್ವವಿಧಿ. ಯಜ್ಞದ ಬತ್ತಕ್ಕೆ ನೀರು ಪ್ರೋಕ್ಷಿಸಬೇಕೆಂಬುದು ಇಂಥದು. ವೇದ ಹೇಳದಿದ್ದರೆ ಯಾರೂ ಪ್ರೋಕ್ಷಿಸುತ್ತಿರಲಿಲ್ಲ. ಅದೇ ಬತ್ತದ ಹೊಟ್ಟನ್ನು ಉಗುರಿನಿಂದ ಸುಲಿಯಬಹುದು, ಕಲ್ಲಿನಿಂದ ಉಜ್ಜಬಹುದು, ಒನಕೆಯಿಂದ ಕುಟ್ಟಬಹುದು. ಹಲವು ದಾರಿಗಳಿರುವಾಗ ಕುಟ್ಟಿಯೇ ತೆಗೆಯಬೇಕೆನ್ನುವುದು ನಿಯಮವಿಧಿ. ಮೂರನೆಯದು ಪರಿಸಂಖ್ಯೆ. ಐದುಗುರಿನ ಪ್ರಾಣಿಗಳಲ್ಲಿ ಇಂಥ ಐದನ್ನು ತಿನ್ನಬಹುದೆಂದರೆ, ತಿನ್ನಲೇಬೇಕೆಂದು ಅರ್ಥವಲ್ಲ. ಅವನ್ನು ಬಿಟ್ಟು ಮಿಕ್ಕವನ್ನು ಮುಟ್ಟಬೇಡವೆಂದು ಅರ್ಥ. ಮಾತು ವಿಧಿಯಂತೆ ಕಂಡರೂ ಅದರ ಕೆಲಸ ನಿವಾರಣೆ.

ಸೇವಾಬುದ್ಧಿಯ ವಿಷಯದಲ್ಲಿ ಅಪೂರ್ವವಿಧಿಗೆ ಎಡೆಯಿಲ್ಲ. ಕರುಣೆಯು ಆಜ್ಞೆಯಿಂದ ಹುಟ್ಟತಕ್ಕ ವಸ್ತುವಲ್ಲ. ಸೈಯಿದೈನರು ಕಡ್ಡಾಯವನ್ನು ಒಪ್ಪದೆ ಹೋದದ್ದರ ಸಾರವನ್ನು ಮೀಮಾಂಸೆಯ ಮಾತಿನಲ್ಲಿ ಹೀಗೆ ಹೇಳಬಹುದು. ನಿಯಮವಿಧಿಗೆ ಎಡೆಯುಂಟು. ಬರುವುದಕ್ಕೆ ಒಪ್ಪಿದವನು ಹೇಗೆ ಬರಬೇಕು, ಯಾರ ಜವಾಬ್ದಾರಿಯಲ್ಲಿ ಕೆಲಸ ಮಾಡಬೇಕು, ಮೊದಲು ಏನನ್ನು ಕಲಿತಿರಬೇಕು ಎಂಬುದನ್ನು ಗೊತ್ತುಮಾಡಿದರೆ ಅವನ ಸ್ವಾತಂತ್ರ್ಯಕ್ಕೆ ಭಂಗವಿಲ್ಲ. ವ್ರತವನ್ನು ಹಿಡಿಯುವುದು ಬಿಡುವುದು ಗೃಹಸ್ಥನ ಇಷ್ಟ. ಸಂಕಲ್ಪಮಾಡಿದ ಮೇಲೆ ಉಪವಾಸದ ದಿನ ಊಟ ಕೇಳುವುದು ಅವನ ಇಷ್ಟವಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದಾಗ ಕವಾಯತು, ಸಮವಸ್ತ್ರ, ಶಿಸ್ತುಗಳನ್ನು ಬಿಗಿಯಾಗಿಯೇ ಇಟ್ಟರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಅಧಿವೇಶನವು ನಡೆದಾಗ ಸ್ವಯಂಸೇವಕರ ಆ ಶಿಸ್ತು ನಾಡಿಗೆ ಕಾಣಿಸಿತು. 1932ರಲ್ಲಿ ಬ್ರಿಟಿಷ್ ಸರ್ಕಾರವು ದಳವನ್ನು ನಿಷೇಧಿಸಿದ್ದೇ, ಆ ಶಿಸ್ತು ಆಳುವವರ ಅಪ್ಪಣೆಯಿಂದ ಬಂದದ್ದಲ್ಲವೆಂಬುದಕ್ಕೆ ಸಾಕ್ಷಿ.

ಆದರೆ ಸರ್ಕಾರದ ಕೈಯಲ್ಲಿರುವ ಮಂಡಲಿಗೆ ಅತ್ಯಂತ ಅವಶ್ಯವಾದುದು ಮೂರನೆಯ ಬಗೆ. ಸ್ವಯಂಸೇವಕನು ಏನು ಮಾಡಬೇಕೆಂಬುದಕ್ಕಿಂತ, ಅವನಿಂದ ಏನನ್ನು ಮಾಡಿಸಬಾರದೆಂದು ಬರೆದಿಡುವುದು ಹೆಚ್ಚಿನ ಕೆಲಸ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1993ರ ಶಾಸನದ ಮೇರೆಗೆ ಒಂದೊಂದು ಸಂಸ್ಥಾನಕ್ಕೂ ಸೇವಾ ಆಯೋಗವು ಏರ್ಪಟ್ಟಿತು. ರಾಜ್ಯಪಾಲನು ನೇಮಿಸುವ 15ರಿಂದ 25 ಮಂದಿ ಸದಸ್ಯರು. ಅವರಲ್ಲಿ ಕಾರ್ಮಿಕ ಸಂಘಗಳ ಪ್ರತಿನಿಧಿಯೊಬ್ಬನಿರಲೇಬೇಕು. ಅದೇಕೆಂದರೆ, ಸಂಬಳದ ಕೆಲಸಗಾರನನ್ನು ತೆಗೆದು ಅವನ ಜಾಗದಲ್ಲಿ ಸ್ವಯಂಸೇವಕನನ್ನು ನಿಲ್ಲಿಸಕೂಡದೆಂದು ಆ ಶಾಸನವು ತಡೆ ಹಾಕಿದೆ. ಸೇವೆಯ ಹೊತ್ತಿನಲ್ಲಿ ಮತೋಪದೇಶವೂ ಚುನಾವಣೆಯ ಪಕ್ಷಪ್ರಚಾರವೂ ಅಲ್ಲಿ ನಿಷಿದ್ಧ. ಇದು ಅಚ್ಚ ಪರಿಸಂಖ್ಯೆ.

ಬೆಂಗಳೂರಿನ ಪಶ್ಚಿಮಭಾಗದವರಿಗೆ ಇದರ ತಾತ್ಪರ್ಯವನ್ನು ವಿವರಿಸಬೇಕಾದುದಿಲ್ಲ. ಬಸವನಗುಡಿಯ ಕಡೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯನ್ನು ದಾಟಿ ಅರ್ಕಾವತಿಯನ್ನು ಸೇರುವ ವೃಷಭಾವತಿಯ ಅವಸ್ಥೆಯನ್ನು ಅವರು ಕಣ್ಣಿಗಿಂತ ಮೊದಲು ಮೂಗಿನಿಂದಲೇ ಬಲ್ಲರು. ಅದರ ದಡದಲ್ಲಿ ನೂರು ವಿದ್ಯಾರ್ಥಿಗಳು ಒಂದು ಬೆಳಗ್ಗೆ ಕಸ ಹೆಕ್ಕಿದರೆ ದಡವು ಶುದ್ಧವಾದೀತು. ಕೊಳವೆಗಳಿಂದ ಮಲಿನಜಲವು ಬೀಳುವುದು ನಿಂತೀತೆ? ಆ ಕೆಲಸಕ್ಕೆಂದು 1964ರಲ್ಲಿ ಒಳಚರಂಡಿ ಮಂಡಲಿಯೂ 1974ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಲಿಯೂ ಸ್ಥಾಪಿತವಾಗಿವೆ. ಹುಡುಗರು ಕಸ ಹೆಕ್ಕಬಾರದೆಂದಲ್ಲ. ಅವರ ಬೆವರನ್ನು ತೋರಿಸಿ ಮಂಡಲಿಗಳ ಕರ್ತವ್ಯವನ್ನು ಮರೆಮಾಡಬಾರದು. ಪೌರಕಾರ್ಮಿಕರ ವಿಷಯವೂ ಹೀಗೆಯೇ. ಬಸವೇಶ್ವರನಗರದ ಒಂದು ಬೀದಿಯನ್ನು ವರ್ಷಕ್ಕೊಮ್ಮೆ ಗುಡಿಸಿದವರ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಅದೇ ಬೀದಿಯನ್ನು ದಿನವೂ ಬೆಳಕು ಹರಿಯುವ ಹೊತ್ತಿಗೆ ಗುಡಿಸುವ ಹೆಂಗಸು ಆ ಚಿತ್ರದಲ್ಲಿರುವುದಿಲ್ಲ. ಅವಳ ಪೊರಕೆಯನ್ನು ಅರ್ಧಗಂಟೆ ಎರವಲು ಪಡೆದವರು ಅವಳ ಕೈಗವಸು, ಕೂಲಿ, ರಜೆಗಳ ಮಾತನ್ನು ವಿಚಾರಿಸಿದರೆ ಅದೂ ಸೇವೆಯೇ. ಆದರೆ ಅದಕ್ಕೆ ಗಂಟೆಯ ಲೆಕ್ಕ ಸಿಗುವುದು ಕಷ್ಟ.

ಇಲ್ಲಿಯವರೆಗೆ ಹೇಳಿದುದೆಲ್ಲ ಸೇವೆ ಮಾಡುವವನ ಕಡೆಯಿಂದ. ಸೇವೆಯನ್ನು ಪಡೆಯುವವನೊಬ್ಬನು ಇದ್ದಾನಷ್ಟೆ! ಅವನ ಮಾತೇನು? ಯೋಜನೆಯಲ್ಲಿ ಗ್ರಾಮವನ್ನು 'ದತ್ತು' ತೆಗೆದುಕೊಳ್ಳುವುದೆಂಬ ಮಾತು ಬಳಕೆಯಲ್ಲಿದೆ. ಧರ್ಮಶಾಸ್ತ್ರವನ್ನೋದಿದವರಿಗೆ ಈ ಮಾತು ಸ್ವಲ್ಪ ನಗೆ ತರಿಸುತ್ತದೆ. ಕೊಡುವವರಿಲ್ಲದೆ ದತ್ತಕವಿಲ್ಲ, ತಂದೆತಾಯಿಗಳು ಒಪ್ಪಿ ಕೊಡಬೇಕು, ಪಡೆಯುವವನು ಬಂಧುಗಳ ಎದುರಿನಲ್ಲಿ ಕೈನೀಡಿ ಸ್ವೀಕರಿಸಬೇಕು, ಒಮ್ಮೆ ಪಡೆದ ಮಗನನ್ನು ಮರಳಿಸುವಂತಿಲ್ಲ. ಗ್ರಾಮವನ್ನು ಕೊಟ್ಟವರು ಯಾರು? ಕಾಲೇಜು ಬೇರೆ ಗ್ರಾಮವನ್ನು ಆರಿಸಿಕೊಂಡಾಗ ಮೊದಲಿನ ಮಗನ ಗತಿಯೇನು?

ಅಮೆರಿಕದ ಆಯೋಗದಲ್ಲಿ ಅನುಕೂಲವಿಲ್ಲದ ಬಾಲಕರ ಅಗತ್ಯಗಳನ್ನು ಬಲ್ಲ ತಜ್ಞನಿಗೆ ಸ್ಥಾನವುಂಟು. ಬಲ್ಲವನು ಬೇರೆ, ಅನುಭವಿಸುವವನು ಬೇರೆ. ನಮ್ಮ ಯೋಜನೆಯ ಕೈಪಿಡಿಯಲ್ಲಿ ಮಾತ್ರ, ಕಾಲೇಜಿನ ಸಲಹಾಸಮಿತಿಯ ಸದಸ್ಯರನ್ನು ಎಣಿಸುವಲ್ಲಿ, ಪ್ರಾಂಶುಪಾಲರು, ಅಧ್ಯಾಪಕರು, ಅಭಿವೃದ್ಧಿ ಇಲಾಖೆಯವರು, ವಿದ್ಯಾರ್ಥಿನಾಯಕರು ಇವರ ನಡುವೆ ಒಂದು ಸಣ್ಣ ಮಾತಿದೆ: ದತ್ತು ಪಡೆದ ಗ್ರಾಮದ ಅಥವಾ ಕೊಳೆಗೇರಿಯ ಒಬ್ಬ ಸದಸ್ಯ. ಗಂಟೆಗಳ ಎಣಿಕೆಯನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಈ ಸಾಲನ್ನು ನೆನೆಯುವವರು ವಿರಳ. ಇಡೀ ಕೈಪಿಡಿಯಲ್ಲಿ ಸೇವೆಯ ತತ್ತ್ವಕ್ಕೆ ಅತ್ಯಂತ ಹತ್ತಿರವಾದ ಸಾಲು ಇದೇ. ದಾಸೋಹವೆಂಬ ಶಬ್ದವನ್ನು ಶರಣರು ಬಳಸಿದ ರೀತಿಯಲ್ಲಿ ನೀಡುವವನೇ ದಾಸ. ಉಣ್ಣುವವನು ಒಡೆಯನ ಸ್ಥಾನದಲ್ಲಿ ಕುಳಿತಿರುತ್ತಾನೆ. ಒಡೆಯನಿಗೆ ಸಮಿತಿಯಲ್ಲಿ ಒಂದು ಕುರ್ಚಿಯಾದರೂ ಬೇಡವೆ?

ಕುರ್ಚಿ ಹಾಕಿದ ಮಾತ್ರಕ್ಕೆ ಸಾಲದು. ಕೆಂಗೇರಿಯಾಚೆಯ ಯಾವುದೋ ಹಳ್ಳಿಯವನೊಬ್ಬನು ಆ ಸಭೆಗೆ ಬಂದನೆಂದು ಭಾವಿಸೋಣ. ಶಿಬಿರದ ದಿನಗಳನ್ನು ಪರೀಕ್ಷೆಯ ವೇಳಾಪಟ್ಟಿಗೆ ಹೊಂದಿಸಿ ಮೊದಲೇ ಗೊತ್ತುಮಾಡಿರುತ್ತಾರೆ. ಅವನು ತಡವರಿಸುತ್ತ ಹೇಳುತ್ತಾನೆ: "ಆ ವಾರ ರಾಗಿಯ ಕುಯ್ಲು, ಸ್ವಾಮಿ. ನಾವು ಯಾರೂ ಊರಲ್ಲಿರೋದಿಲ್ಲ. ನೀವು ಇಳಿದುಕೊಳ್ಳೋ ಇಸ್ಕೂಲಿನಲ್ಲಿ ನಮ್ಮ ಮಕ್ಕಳಿಗೆ ಪಾಠ ನಡೆಯುತ್ತೆ. ರಸ್ತೆ ಗುಡಿಸೋದು ಬೇಡಿ. ನಮ್ಮ ಮುದುಕಿಯರ ಪಿಂಚಣಿ ಅರ್ಜಿ ಬರೆದುಕೊಡಿ, ಎರಡು ಸಲ ವಾಪಸು ಬಂದಿದೆ." ಈ ಮಾತನ್ನು ನಡವಳಿಯ ಪುಸ್ತಕದಲ್ಲಿ ಅವನು ಆಡಿದಂತೆಯೇ ಬರೆಯತಕ್ಕದ್ದು, ಶಿಬಿರ ಮುಗಿದ ಮೇಲೆ ಗಂಟೆಗಳ ಪಟ್ಟಿಯ ಪಕ್ಕದಲ್ಲಿ ಅವನ ರುಜುವನ್ನಾಗಲಿ ಹೆಬ್ಬೆಟ್ಟನ್ನಾಗಲಿ ಪಡೆಯತಕ್ಕದ್ದು, ಅರ್ಜಿಗಳು ಏನಾದುವೆಂದು ಮುಂದಿನ ಸಭೆಯಲ್ಲಿ ಅವನಿಗೇ ಮೊದಲು ತಿಳಿಸತಕ್ಕದ್ದು ಎಂದು ರಾಜ್ಯದ ಸಮಿತಿಯು ಕಟ್ಟಳೆಯಿಟ್ಟರೆ, ಹಾಜರಿ ಪುಸ್ತಕದಲ್ಲಿ ಇನ್ನೊಂದು ಅಂಕಣವನ್ನು ಗೆರೆಯೆಳೆಯಬೇಕಾದೀತು; ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.