ಹೆಸರಿನ ಜೊತೆಗೆ ಪಾಲು

ಯೋಬನ ಪುಸ್ತಕ 42ನೇ ಅಧ್ಯಾಯ, 13ರಿಂದ 15ನೇ ವಚನ ತೆಗೀರಿ. ಮೊಬೈಲ್‌ನಲ್ಲಿ ಓದೋರು ವಾಟ್ಸಾಪ್ ಕಡೆ ಹೋಗ್ಬೇಡಿ!

ಮಗು ಪ್ರತಿಷ್ಠೆಗೆ ಬರುವ ಯೌವನಸ್ಥ ದಂಪತಿಗಳು ನನ್ನನ್ನ ಕೇಳ್ತಾರೆ: "ಪಾಸ್ಟರ್, ಹೆಣ್ಣು ಮಗು. ಬೈಬಲ್ ಹೆಸರು ಬೇಕು, ಚಿಕ್ಕದಾಗಿರಬೇಕು, ಒಳ್ಳೇ ಅರ್ಥ ಇರಬೇಕು." ಸಂತೋಷವಾಗಿ ಹೇಳ್ತೀನಿ. ಹನ್ನ ಅಂದರೆ ಕೃಪೆ. ಸಾರ ಅಂದರೆ ರಾಜಕುಮಾರಿ. ದೆಬೋರ ಅಂದರೆ ಜೇನುನೊಣ. ತಬಿಥ ಅಂದರೆ ಜಿಂಕೆ.

ಇವತ್ತು ಹೆಣ್ಣುಮಕ್ಕಳಿಗೆ ಹೆಸರಿಟ್ಟ ಒಬ್ಬ ತಂದೆಯನ್ನ ನೋಡೋಣ. ಮೊದಲನೇ ಅಧ್ಯಾಯದಲ್ಲಿ ಯೋಬನಿಗೆ ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು. ಯಾರ ಹೆಸರೂ ಬರೆದಿಲ್ಲ. ಒಂದೇ ದಿನ ಎಲ್ಲರೂ ಸತ್ತರು. ಕೊನೇ ಅಧ್ಯಾಯದಲ್ಲಿ ಮತ್ತೆ ಏಳು ಗಂಡು, ಮೂರು ಹೆಣ್ಣು. ಈಗ ಗಮನಿಸಿ: ಗಂಡುಮಕ್ಕಳ ಹೆಸರು ಒಂದೂ ಇಲ್ಲ, ಹೆಣ್ಣುಮಕ್ಕಳ ಮೂರು ಹೆಸರೂ ಇವೆ!

ಯೆಮೀಮ ಅಂದರೆ ಪಾರಿವಾಳ. ಕೆಚೀಯ ಅಂದರೆ ನಮ್ಮ ಅಡುಗೆಮನೆಯ ಚಕ್ಕೆಯಂಥ ಸುವಾಸನೆಯ ತೊಗಟೆ. ಕೆರೆನ್‌ಹಪ್ಪೂಕ್ ಅಂದರೆ ಕಾಡಿಗೆ ತುಂಬಿಡುವ ಕೊಂಬು. ನಮ್ಮ ಮಾತಲ್ಲಿ ಕಾಡಿಗೆ ಡಬ್ಬಿ.

ಈ ಹೆಸರಿಟ್ಟವನು ಯಾರು? ಬೂದಿಯಲ್ಲಿ ಕೂತು ಮೈ ಕೆರೆದುಕೊಂಡವನು. ತನ್ನ ಉಸಿರೇ ಹೆಂಡತಿಗೆ ಅಸಹ್ಯ ಅಂತ ನೊಂದವನು 19ನೇ ಅಧ್ಯಾಯದಲ್ಲಿ. ಈಗ ಮಗಳನ್ನ 'ಸುವಾಸನೆ' ಅಂತ ಕರೀತಾನೆ. ಅತ್ತು ಅತ್ತು ಮುಖ ಕೆಂಪಾಗಿ ಕಣ್ಣು ಕತ್ತಲಾದವನು 16ನೇ ಅಧ್ಯಾಯದಲ್ಲಿ. ಈಗ ಆ ಕಣ್ಣಿಗೆ ಕಾಡಿಗೆ! ಪ್ರಿಯರೇ, ಇವು ಬರೀ ಹೆಸರಲ್ಲ, ಸಾಕ್ಷಿ. ಹಲ್ಲೆಲೂಯಾ!

ಆದರೆ ಅಲ್ಲಿಗೇ ನಿಲ್ಲಿಸಬೇಡಿ. 15ನೇ ವಚನ: ಅವರ ತಂದೆ ಅಣ್ಣತಮ್ಮಂದಿರ ಜೊತೆ ಅವರಿಗೂ ಸ್ವಾಸ್ತ್ಯ ಕೊಟ್ಟನು. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಕೇಳಿದಾಗ ಸ್ವಾಸ್ತ್ಯ ಸಿಕ್ಕಿತು. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ. ಯೋಬನಿಗೆ ಏಳು ಗಂಡುಮಕ್ಕಳಿದ್ದರು. ಹೆಣ್ಣುಮಕ್ಕಳು ಕೇಳಿದರು ಅಂತಲೂ ಬರೆದಿಲ್ಲ. ತಂದೆಯೇ ಕೊಟ್ಟ.

ನಮ್ಮ ಮನೆಗಳಲ್ಲಿ? ಮಗಳಿಗೆ 'ರಾಜಕುಮಾರಿ' ಅಂತ ಹೆಸರು. ಆಸ್ತಿ ವಿಷಯ ಬಂದಾಗ, "ಮದುವೆಗೆ ಖರ್ಚು ಮಾಡಿದ್ದೀವಲ್ಲಮ್ಮ, ಸಹಿ ಹಾಕು." ಸಬ್-ರಿಜಿಸ್ಟ್ರಾರ್ ಆಫೀಸಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದು ಅತ್ತ ಸಹೋದರಿಯರ ಜೊತೆ ನಾನು ಪ್ರಾರ್ಥನೆ ಮಾಡಿದ್ದೀನಿ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ, ತಂದೆ ಉಯಿಲು ಬರೆಯದೆ ತೀರಿಹೋದರೆ ಮಗನಿಗೂ ಮಗಳಿಗೂ ಸಮಪಾಲು ಅನ್ನುತ್ತೆ. ಲೋಕದ ಕಾನೂನು ಕೊಡೋದನ್ನ ದೇವರ ಮಕ್ಕಳು ಕಸಿಯಬಹುದಾ? ಯೌವನಸ್ಥ ಸಹೋದರರೇ, ನಿಮ್ಮ ಅಕ್ಕತಂಗಿಗೆ ಆ ಪತ್ರ ಕೊಡೋ ದಿನ ಬಂದರೆ, ಈ ವಚನ ನೆನಪಿಸಿಕೊಳ್ಳಿ.

ಯಾಕಂದರೆ ಪರಲೋಕದ ತಂದೆ ನಮಗೆ ಹೇಗೆ ಮಾಡಿದ? 'ಮಕ್ಕಳು' ಅನ್ನೋ ಹೆಸರು ಕೊಟ್ಟು ಸುಮ್ಮನಾಗಲಿಲ್ಲ. ರೋಮಾಪುರ 8:17 ನೋಡಿ, ಕ್ರಿಸ್ತನೊಂದಿಗೆ ಬಾಧ್ಯರನ್ನಾಗಿ ಮಾಡಿದ. ಹೆಸರೂ ಕೊಟ್ಟ, ಪಾಲೂ ಕೊಟ್ಟ.

ಮಗಳಿಗೆ ಹೆಸರು ಹುಡುಕ್ತಿದ್ದೀರಾ? ಅರ್ಥ ನೋಡಿ ಇಡಿ. ಆ ಅರ್ಥಕ್ಕೆ ತಕ್ಕ ಹಾಗೆ ಅವಳನ್ನ ನಡೆಸಿಕೊಳ್ಳಿ. ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ. ಆಮೆನ್.