ರಸ್ತೆಯಲ್ಲಿ ನಾಯಿ ಇರಲಿಲ್ಲ

ಗಬ್ಬೂರು ದಾಟಿ ದೇವದುರ್ಗದ ಕಡೆ ಹೊರಟಿದ್ದೆವು. ಮುಂದೆ ಹತ್ತಿ ಹೇರಿಕೊಂಡ ಟ್ರ್ಯಾಕ್ಟರ್ ಒಂದು ಹೋಗುತ್ತಿತ್ತು. ಅದರ ಟ್ರೇಲರ್ ಹತ್ತಿರವಾಗುತ್ತ ಬಂದರೂ ನಮ್ಮ ಕಾರಿನ ವೇಗ ಇಳಿಯಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದೆ. ಅಣ್ಣನ ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು, ಗದ್ದ ಎದೆಗೆ ತಾಗಿತ್ತು. ಕಿರುಚಿದೆ. ಅವನು ಗಕ್ಕನೆ ಸ್ಟೇರಿಂಗ್ ಎಳೆದ. ಕಾರು ರಸ್ತೆ ಪಕ್ಕದ ಮಣ್ಣಿಗಿಳಿದು, ಜಾಲಿಗಿಡಕ್ಕೆ ಮೂರು ಮೊಳ ಇರುವಾಗ ನಿಂತಿತು.

ಹಿಂದಿನ ಸೀಟಿನಲ್ಲಿ ಮೂವರಿದ್ದರು. ಮೊಬೈಲ್ ನೋಡುತ್ತಿದ್ದ ಒಬ್ಬರು ತಲೆಯೆತ್ತಿ, ‘ಏನಾತ್ರಿ, ನಾಯಿ ಅಡ್ಡ ಬಂತೇನು?’ ಎಂದರು. ‘ಹೌದ್ರಿ ಸರ, ನಾಯಿ’ ಎಂದ ಅವನು. ಟಯರ್ ನೋಡಲು ಇಬ್ಬರೂ ಕೆಳಗಿಳಿದಾಗ ನನಗೆ ಮಾತ್ರ ಕೇಳುವಂತೆ ಹೇಳಿದ: ‘ನಾ ನಿದ್ದಿ ಮಾಡಿಲ್ಲ ತಮ್ಮಾ. ಬರೇ ಕಣ್ಣು ಮುಚ್ಚಿದ್ದೆ.’

ರಸ್ತೆಯಲ್ಲಿ ನಾಯಿ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಆ ಸುಳ್ಳು ಹುಟ್ಟಿದ್ದು ಅವನ ಬಾಯಲ್ಲಿ, ದೇವದುರ್ಗದವರೆಗೆ ಬದುಕಿದ್ದು ನನ್ನ ಬಾಯಲ್ಲಿ.

ಅವನು ಗುಂಜಹಳ್ಳಿಯವನು. ನನಗಿಂತ ನಾಲ್ಕು ವರ್ಷ ದೊಡ್ಡವನಾದ್ದರಿಂದ ಅಣ್ಣ ಎನ್ನುತ್ತೇನೆ. ರಾಯಚೂರಿನಲ್ಲಿ ಒಂದೇ ಬಾಡಿಗೆ ರೂಮಿನಲ್ಲಿ ಇದ್ದೇವೆ, ಮೂರು ವರ್ಷವಾಯಿತು. ನನಗೆ ಡೆಂಗಿ ಬಂದಾಗ ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನು ಅವನೇ. ದೇವದುರ್ಗದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅಪ್ಪನಿಗೆ ಲಕ್ವಾ ಹೊಡೆದ ಮೇಲೆ ಊರಿನ ಹೊಲವೂ ಅವನ ಹೆಗಲಿಗೆ ಬಂದಿದೆ. ಬೋರಿನ ಮೋಟರಿಗೆ ಬೇಕಾದ ಮೂರು ಫೇಸ್ ಕರೆಂಟು ಒಂದು ವಾರ ಹಗಲು ಬಂದರೆ ಮತ್ತೊಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರದಲ್ಲಿ ಅವನು ಪಾಠ ಮುಗಿಸಿ ಬಂದು, ಉಂಡು, ಕಾರು ತೆಗೆದುಕೊಂಡು ಊರಿಗೆ ಹೋಗುತ್ತಿದ್ದ. ಮೆಣಸಿನ ಗಿಡಕ್ಕೆ ನೀರು ಹಾಯಿಸಿ ನಸುಕಿನಲ್ಲಿ ಮರಳುತ್ತಿದ್ದ. ಕಾಲಿನ ಎರೆಮಣ್ಣನ್ನೂ ತೊಳೆಯದೆ ಚಾಪೆಯ ಮೇಲೆ ಉರುಳುತ್ತಿದ್ದ. ಏಳೂವರೆಗೆ ಎದ್ದು, ಮುಖಕ್ಕೆ ನೀರು ಎರಚಿಕೊಂಡು, ಪೆಟ್ರೋಲ್ ಖರ್ಚು ಹಂಚಿಕೊಳ್ಳುವ ಮೂವರು ಸಹೋದ್ಯೋಗಿಗಳನ್ನು ಹತ್ತಿಸಿಕೊಂಡು ಹೊರಡುತ್ತಿದ್ದ. ಎಷ್ಟೋ ಸಲ ನಾನೂ ಕ್ಷೇತ್ರಕಾರ್ಯಕ್ಕೆಂದು ಅದೇ ಕಾರು ಹತ್ತಿದ್ದೇನೆ.

ಅಂದರೆ ಇವನು ಶೋಕಿಗಾಗಿ ನಿದ್ದೆಗೆಟ್ಟವನಲ್ಲ. ಬೈಯಲು ಬರುವಂಥ ಮನುಷ್ಯನಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

ಬೆಂಗಳೂರಿನ ಗೆಳತಿಯೊಬ್ಬಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ತಡಮಾಡದೆ, ‘ಬೌಂಡರಿ ಹಾಕು. ನೀನು ಆ ಕಾರು ಹತ್ತಬೇಡ, ಅಷ್ಟೇ’ ಎಂದಳು. ಈಗ ಎಲ್ಲರ ಬಾಯಲ್ಲೂ ಇರುವ ಮಾತು ಇದು. ಇನ್ನೊಬ್ಬರನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ, ನಾವು ಏನನ್ನು ಸಹಿಸುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿದೆ ಎಂಬ ತರ್ಕ. ಹಿಡಿಸಿತು. ಅಂದು ರಾತ್ರಿಯೇ ಅವನಿಗೆ, ‘ಅಣ್ಣಾ, ರಾತ್ರಿ ಪಾಳಿ ಇರೋ ವಾರ ನಾ ನಿನ್ನ ಗಾಡಿ ಹತ್ತಂಗಿಲ್ಲ’ ಎಂದೆ. ‘ಆತು ಬಿಡು’ ಎಂದ, ಮುಖ ಸಣ್ಣದು ಮಾಡಿಕೊಂಡು. ನನಗೆ ದೊಡ್ಡ ಕೆಲಸ ಮುಗಿಸಿದ ಸಮಾಧಾನ.

ಸೋಮವಾರ ಕಿಟಕಿಯಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಕೆಳಗೆ ಆ ಮೂವರು ಒಬ್ಬೊಬ್ಬರಾಗಿ ಕಾರು ಹತ್ತಿದರು. ಮುಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ, ಸಣ್ಣ ಮಗುವಿರುವ ಮೇಡಂ ಕೂತರು. ನನ್ನ ಗೆರೆ ಮಾಡಿದ ಕೆಲಸವೇನೆಂದು ಆಗ ಕಂಡಿತು. ಅದು ಕಾರನ್ನು ನಿಲ್ಲಿಸಿರಲಿಲ್ಲ, ಅದರೊಳಗಿಂದ ನನ್ನೊಬ್ಬನನ್ನು ಇಳಿಸಿತ್ತು. ಅಷ್ಟೇ ಅಲ್ಲ, ಟ್ರ್ಯಾಕ್ಟರ್ ಕಂಡು ಕಿರುಚುವವನನ್ನೂ ಇಳಿಸಿತ್ತು.

ಜಾನ್ ಸ್ಟುವರ್ಟ್ ಮಿಲ್ ‘ಆನ್ ಲಿಬರ್ಟಿ’ಯಲ್ಲಿ (1859) ಒಂದು ಸೇತುವೆಯ ಉದಾಹರಣೆ ಕೊಡುತ್ತಾನೆ. ಮುರಿದು ಬೀಳುವುದು ಖಚಿತವಾಗಿರುವ ಸೇತುವೆಯ ಮೇಲೆ ಒಬ್ಬ ಕಾಲಿಡುತ್ತಿದ್ದಾನೆ, ಹೇಳಲು ಸಮಯವಿಲ್ಲ. ಆಗ ಅವನನ್ನು ಹಿಡಿದು ಎಳೆದರೆ ಅವನ ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ, ಯಾಕೆಂದರೆ ನದಿಗೆ ಬೀಳುವುದು ಅವನ ಬಯಕೆಯಲ್ಲ. ಆದರೆ ಬೀಳುವುದು ಖಚಿತವಲ್ಲ, ಅಪಾಯವಷ್ಟೇ ಇದೆ ಎಂದಾದರೆ ಎಚ್ಚರಿಸಿ ಬಿಡಬೇಕು, ನಿರ್ಧಾರ ಅವನದು. ಎಂ.ಎ. ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಅಲ್ಲೇ ಮಿಲ್ ಸೇರಿಸುವ ಷರತ್ತೊಂದು ಆಗ ಕಣ್ಣಿಗೆ ಬಿದ್ದಿರಲಿಲ್ಲ: ಆ ವ್ಯಕ್ತಿ ಮಗುವಾಗಿರಬಾರದು, ಬುದ್ಧಿ ಪೂರ್ತಿ ಕೆಲಸ ಮಾಡದ ಸ್ಥಿತಿಯಲ್ಲೂ ಇರಬಾರದು.

ಮಂಪರಿನ ವಿಚಿತ್ರವೆಂದರೆ, ‘ನನಗೆ ಮಂಪರು ಹತ್ತಿದೆಯೇ’ ಎಂದು ಅಳೆಯಬೇಕಾದ ಬುದ್ಧಿಯನ್ನೇ ಅದು ಮೊದಲು ತಿನ್ನುತ್ತದೆ. ಹಸಿದವನಿಗೆ ಹಸಿವು ತಿಳಿಯುತ್ತದೆ, ಕಾಲು ನೋಯುವವನಿಗೆ ನೋವು ತಿಳಿಯುತ್ತದೆ. ತೂಕಡಿಸುವವನಿಗೆ ಮಾತ್ರ ತಾನು ಎಚ್ಚರವಾಗಿದ್ದೇನೆ ಅನ್ನಿಸುತ್ತಿರುತ್ತದೆ. ಮೂರು ಸೆಕೆಂಡಿನ ನಿದ್ದೆ ಬಂದು ಹೋದದ್ದು ನಿದ್ದೆ ಮಾಡಿದವನ ನೆನಪಿನಲ್ಲೇ ಉಳಿಯದೆ ಹೋಗಬಹುದು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಎಂದರೆ 50 ಮೀಟರ್. ಸುಗ್ಗಿಯ ಹೊತ್ತಿನಲ್ಲಿ ನಮ್ಮ ರಸ್ತೆಗಳ ಮೇಲೆ ತೊಗರಿಯನ್ನೋ ಭತ್ತವನ್ನೋ ಹರವಿ, ಸುತ್ತ ಕಲ್ಲಿಟ್ಟು, ಪಕ್ಕದಲ್ಲಿ ಮಂದಿ ಕೂತಿರುತ್ತಾರೆ. ಅವರನ್ನು ಮುಟ್ಟಲು 50 ಮೀಟರ್ ಬೇಕಾಗಿಲ್ಲ. ‘ಬರೇ ಕಣ್ಣು ಮುಚ್ಚಿದ್ದೆ’ ಎಂದಾಗ ಅಣ್ಣ ಸುಳ್ಳು ಹೇಳಿರಲಿಲ್ಲ ಎಂದೇ ನನ್ನ ನಂಬಿಕೆ. ನಾಯಿಯದು ಸುಳ್ಳು, ಇದು ಸುಳ್ಳಲ್ಲ. ಹಾಗಾಗಿ ಇದು ಹೆಚ್ಚು ಭಯದ್ದು.

ಹಾಗಾದರೆ ತಪ್ಪು ಎಲ್ಲಿದೆ? ರೆಪ್ಪೆ ಮುಚ್ಚಿದ ಕ್ಷಣದಲ್ಲಂತೂ ಇಲ್ಲ. ಕುಡಿದ ಅಮಲಿನಲ್ಲಿ ತಪ್ಪು ಮಾಡಿದವನಿಗೆ ಇಮ್ಮಡಿ ದಂಡ ವಿಧಿಸುವ ಪದ್ಧತಿಯನ್ನು ಅರಿಸ್ಟಾಟಲ್ ‘ನಿಕೊಮಾಕಿಯನ್ ಎಥಿಕ್ಸ್’ನಲ್ಲಿ ಪ್ರಸ್ತಾಪಿಸುತ್ತಾನೆ. ಅಮಲೇರಿದ ಮೇಲೆ ಅವನಿಗೆ ಅರಿವಿರಲಿಲ್ಲ ನಿಜ, ಆದರೆ ಕುಡಿಯದೇ ಇರುವುದು ಅವನ ಕೈಯಲ್ಲಿತ್ತು. ನಿದ್ದೆಗೂ ಇದನ್ನು ಹೊಂದಿಸಬಹುದು, ಪೂರ್ತಿಯಾಗಿ ಅಲ್ಲ. ಗುಂಜಹಳ್ಳಿಯ ಮೋಟರಿಗೆ ರಾತ್ರಿ ಕರೆಂಟು ಬರುವುದು ಅಣ್ಣನ ಆಯ್ಕೆಯಲ್ಲ. ನಿದ್ದೆಗೆಡದೇ ಇರುವುದು ಅವನ ಕೈಯಲ್ಲಿರಲಿಲ್ಲ. ಬೆಳಿಗ್ಗೆ ಗೂಟಕ್ಕೆ ತೂಗುಹಾಕಿದ ಚಾವಿಯನ್ನು ತೆಗೆಯದೇ ಇರುವುದು ಕೈಯಲ್ಲಿತ್ತು. ಅಲ್ಲಿ ಮಾತ್ರ ಅವನನ್ನು ಹಿಡಿಯಬಹುದು.

ಕಾನೂನಿಗೂ ಇದು ಸುಲಭಕ್ಕೆ ಸಿಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಮದ್ಯಕ್ಕೆ ಲೆಕ್ಕವಿದೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ನಿದ್ದೆಗೆ ಅಂಥ ಅಳತೆಗೋಲಿಲ್ಲ, ಪೊಲೀಸರು ಬಾಯಿಗೆ ಹಿಡಿದು ಊದಿಸುವ ಯಂತ್ರವಿಲ್ಲ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗದಲ್ಲಿ, ಹದಿನೇಳು ಗಂಟೆ ಸತತ ಎಚ್ಚರವಿದ್ದವರ ಕೈಕಣ್ಣಿನ ಹೊಂದಾಣಿಕೆ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯವಿದ್ದವರಷ್ಟೇ ಕೆಟ್ಟಿತ್ತು. ನಮ್ಮ ಕಾನೂನಿನ ಮಿತಿಗಿಂತ ಅದು ಹೆಚ್ಚು. ಬೆಳಿಗ್ಗೆ ಏಳೂವರೆಗೆ ಎದ್ದ ಅಣ್ಣ ನಸುಕಿನ ನಾಲ್ಕೂವರೆಗೆ ಹೊಲದಿಂದ ಕಾರು ತೆಗೆಯುವಾಗ ಇಪ್ಪತ್ತೊಂದು ಗಂಟೆ ಎಚ್ಚರವಿದ್ದವನು. ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ಅಮೆರಿಕದ ನ್ಯೂಜೆರ್ಸಿ ರಾಜ್ಯ 2003ರಲ್ಲಿ ಒಂದು ಗೆರೆ ಎಳೆಯಿತು: ಇಪ್ಪತ್ತನಾಲ್ಕು ಗಂಟೆ ನಿದ್ದೆಯಿಲ್ಲದೆ ವಾಹನ ಓಡಿಸಿ ಯಾರನ್ನಾದರೂ ಕೊಂದರೆ ಅದನ್ನು ಕ್ರಿಮಿನಲ್ ಅಪರಾಧವಾಗಿ ನೋಡಬಹುದು. ಅದಕ್ಕೂ ಮೊದಲು ಒಬ್ಬರು ಸಾಯಬೇಕು.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ ಹದಿಮೂರು ಮಂದಿ ಸತ್ತರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು. ಚಾಲಕನಿಗೆ ಮಂಪರು ಹತ್ತಿರಬಹುದೆಂಬ ಶಂಕೆ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ಸುದ್ದಿಗಳಲ್ಲಿ ಯಾವಾಗಲೂ ಶಂಕೆ ಎಂದೇ ಇರುತ್ತದೆ. ಸಾಕ್ಷಿ ಹೇಳಬೇಕಾದವನು ನಿದ್ದೆಯಲ್ಲಿದ್ದವನು. ಆ ಸುದ್ದಿ ಓದಿದ ದಿನ ನಾನೂ ಅಣ್ಣನೂ ಒಂದೇ ಪೇಪರ್ ಹಂಚಿಕೊಂಡು ‘ಅಯ್ಯೋ ಪಾಪ’ ಎಂದಿದ್ದೆವು.

ನಮ್ಮಲ್ಲಿ ನಿದ್ದೆಗೆಡುವುದಕ್ಕೆ ಮರ್ಯಾದೆ ಜಾಸ್ತಿ. ಶಿವರಾತ್ರಿಗೆ ಜಾಗರಣೆ. ನಿದ್ದೆಗೆಟ್ಟು ಓದಿ ಪಾಸಾದ ಹುಡುಗನಿಗೆ ಊರಲ್ಲಿ ಹೊಗಳಿಕೆ. ಅರ್ಜುನನಿಗೆ ಗುಡಾಕೇಶ, ನಿದ್ದೆಯನ್ನು ಗೆದ್ದವನು, ಎಂಬ ಬಿರುದು. ಗಡಿಯಾಚೆಯ ತೆಲುಗು ಹೆಣ್ಣುಮಕ್ಕಳು ಮಾತ್ರ ಈ ಲೆಕ್ಕದ ಇನ್ನೊಂದು ಬದಿಯನ್ನು ಹಾಡಿಕೊಂಡು ಬಂದಿದ್ದಾರೆ: ಊರ್ಮಿಳಾದೇವಿಯ ನಿದ್ದೆಯ ಹಾಡು. ಕಾಡಿನಲ್ಲಿ ಹದಿನಾಲ್ಕು ವರ್ಷ ರೆಪ್ಪೆ ಮುಚ್ಚದ ಲಕ್ಷ್ಮಣನ ಪಾಲಿನ ನಿದ್ದೆಯನ್ನು ಅರಮನೆಯಲ್ಲಿ ಅವಳು ಮಲಗಿ ತೀರಿಸಿದಳು ಎಂಬುದು ಜನ ಹೇಳುವ ಕತೆ. ಗೆದ್ದ ನಿದ್ದೆ ಎಲ್ಲಿಗೂ ಹೋಗುವುದಿಲ್ಲ, ಯಾರದೋ ತಲೆಯ ಮೇಲೆ ಬೀಳುತ್ತದೆ ಎಂದು ಆ ಕತೆ ಕಟ್ಟಿದವರಿಗೆ ಗೊತ್ತಿತ್ತು. ಅಣ್ಣನ ನಿದ್ದೆ ಯಾರ ತಲೆಯ ಮೇಲೆ ಬೀಳಲಿದೆ ಎಂಬುದು ಆ ಸೋಮವಾರದಿಂದ ನನ್ನನ್ನು ಬಿಡಲಿಲ್ಲ.

ಬುಧವಾರ ಮೇಡಂಗೆ ಫೋನ್ ಮಾಡಿ, ಅವತ್ತು ನಾಯಿ ಇರಲಿಲ್ಲ ಎಂದು ಹೇಳಿಬಿಟ್ಟೆ.

ಮರುದಿನದಿಂದ ಅವರು ಬಸ್ಸು ಹಿಡಿದರು, ವಾರದೊಳಗೆ ಉಳಿದಿಬ್ಬರೂ ಬಿಟ್ಟರು. ಪೆಟ್ರೋಲಿನ ಪೂರ್ತಿ ಭಾರ ಅಣ್ಣನ ಮೇಲೆ ಬಿತ್ತು. ಕಾಲೇಜಿನಲ್ಲಿ ಯಾರೋ ‘ಕುಂಭಕರ್ಣ ಸರ’ ಎಂದರಂತೆ. ಒಂಬತ್ತು ದಿನ ನನ್ನೊಡನೆ ಮಾತಿಲ್ಲ. ಅವರವ್ವ ಕಳಿಸಿದ ರೊಟ್ಟಿ, ಶೇಂಗಾ ಹಿಂಡಿ ಎಂದಿನಂತೆ ಎರಡು ಪಾಲಾಗಿ ನನ್ನ ತಾಟಿಗೆ ಬರುತ್ತಿದ್ದವು, ಮಾತು ಮಾತ್ರ ಬರುತ್ತಿರಲಿಲ್ಲ.

ಹೇಳಿದ್ದು ದ್ರೋಹವೇ? ಅಲ್ಲ ಎಂದೇ ಈಗಲೂ ಅನ್ನುತ್ತೇನೆ. ಒಬ್ಬನ ಗುಟ್ಟು ಅವನದಾಗಿ ಉಳಿಯುವುದು ಅದರ ಬೆಲೆಯನ್ನು ಅವನೇ ತೆರುವವರೆಗೆ. ಆ ಮೂವರು ತಮ್ಮ ಜೀವವನ್ನು ಒಂದು ಸುಳ್ಳಿನ ಮೇಲೆ ಕೂರಿಸಿದ್ದರು, ಆ ಸುಳ್ಳಿಗೆ ನಾನೂ ಪಾಲುದಾರ. ಆದರೆ ತಪ್ಪು ಮಾಡಲಿಲ್ಲ ಎನ್ನಲಾರೆ. ‘ನೀನು ಹೇಳು, ಇಲ್ಲಾಂದ್ರೆ ನಾ ಹೇಳ್ತೀನಿ’ ಎಂದು ಮೊದಲು ಅವನ ಮುಖಕ್ಕೇ ಹೇಳಬೇಕಿತ್ತು. ಅಷ್ಟು ಧೈರ್ಯವಿರಲಿಲ್ಲ. ಅಣ್ಣ ಎಂದು ಕರೆದವನಿಗೆ ಎದುರಾಡುವುದಕ್ಕಿಂತ ಬೆನ್ನ ಹಿಂದೆ ಫೋನ್ ಮಾಡುವುದು ಸುಲಭವಾಗಿತ್ತು. ಒಳ್ಳೆಯ ಕೆಲಸವನ್ನು ಹೇಡಿಯಂತೆ ಮಾಡಿದೆ.

ಹತ್ತನೆಯ ದಿನ ಅವನೇ ಮಾತು ತೆಗೆದ. ‘ನೀ ಗಾಡಿ ಹತ್ತಂಗಿಲ್ಲ ಅಂದಿ, ಅವರನ್ನೂ ಇಳಿಸಿದಿ. ಹೊಲಕ್ಕ ನೀರು ಯಾರು ಬಿಡಬೇಕು, ಅದನ್ನ ಹೇಳಲಿಲ್ಲ.’ ಉತ್ತರವಿರಲಿಲ್ಲ. ನಾನು ಎಳೆದ ಗೆರೆಗಳೆಲ್ಲ ಅವನಿಂದ ಏನೋ ಒಂದನ್ನು ಕೇಳಿದ್ದವು, ನನ್ನಿಂದ ಒಂದನ್ನೂ ಕೇಳಿರಲಿಲ್ಲ.

ಆ ರಾತ್ರಿ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ರಾತ್ರಿ ಪಾಳಿಯ ವಾರ ಕಾರು ರಾಯಚೂರಲ್ಲೇ ನಿಲ್ಲಬೇಕು, ಚಾವಿ ನನ್ನ ಹತ್ತಿರ. ಊರಿಗೂ ದೇವದುರ್ಗಕ್ಕೂ ಬಸ್ಸು. ವಾರದಲ್ಲಿ ಎರಡು ರಾತ್ರಿ ನೀರು ಬಿಡಲು ನಾನು ಹೋಗಬೇಕು. ‘ಮುಂಜಾನೆ ನಾ ಎಷ್ಟು ಕೇಳಿದ್ರೂ ಕೊಡಬ್ಯಾಡ’ ಎಂದ ಅವನು. ಸೈರನ್‌ಗಳ ಹಾಡಿಗೆ ಮರುಳಾಗದಿರಲು ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡ ಒಡಿಸ್ಸಿಯಸ್‌ನ ನೆನಪಾಯಿತು. ಬಿಚ್ಚಿ ಎಂದು ತಾನೇ ಬೇಡಿಕೊಂಡರೂ ಬಿಚ್ಚಬಾರದೆಂದು ಅವನು ಮೊದಲೇ ಹೇಳಿಟ್ಟಿದ್ದ. ಚಾವಿ ಹಿಡಿದು ಕೂರುವ ಅಧಿಕಾರ ನನಗೆ ಬೇರೆಲ್ಲಿಂದಲೂ ಬರಲಾರದು. ಎಚ್ಚರವಿದ್ದ ಅಣ್ಣ ಕೊಟ್ಟ ಮಾತನ್ನು ಮಂಪರಿನ ಅಣ್ಣನ ಎದುರು ಕಾಯುವುದು, ಅಷ್ಟೇ ನನ್ನ ಕೆಲಸ.

ಮೊದಲ ಸಲ ಗುಂಜಹಳ್ಳಿಯ ಹೊಲದಲ್ಲಿ ಕೂತ ರಾತ್ರಿ, ಮೂರು ಗಂಟೆಯ ಹೊತ್ತಿಗೆ ಮೋಟರಿನ ಸದ್ದು ಜೋಗುಳದಂತೆ ಕೇಳತೊಡಗಿತು. ಮಡಿಯ ನೀರು ತಿರುವಬೇಕು, ಒಂದು ನಿಮಿಷ ಕೂತು ಏಳೋಣ ಎಂದುಕೊಂಡೆ. ಕಾಲು ತಣ್ಣಗಾಗಿ ನೋಡಿದರೆ ನೀರು ಬದು ಒಡೆದು ಪಕ್ಕದವರ ಕಡಲೆ ಹೊಲಕ್ಕೆ ನುಗ್ಗಿತ್ತು. ಬೆಳಿಗ್ಗೆ ಆ ಹೊಲದ ಹಿರಿಯರು ಬಂದು ನೋಡಿ, ‘ಏನಪಾ ತಮ್ಮ, ಮಲಗಿಬಿಟ್ಟಿದ್ದೇನು?’ ಎಂದರು. ‘ಇಲ್ಲ ಕಾಕಾ, ಮಲಗಿದ್ದಿಲ್ಲ’ ಎಂದೆ. ಹೇಳಿದ ಮೇಲೆ ಆ ಮಾತು ಎಲ್ಲೋ ಕೇಳಿದ್ದು ಅನ್ನಿಸಿತು.

ಒಪ್ಪಂದ ಸುಸೂತ್ರವಾಗಿ ನಡೆದಿದೆ ಎಂದಲ್ಲ. ಕಳೆದ ತಿಂಗಳು ಬಸ್ಸು ತಪ್ಪಿದ ಒಂದು ಬೆಳಿಗ್ಗೆ ಅವನು ನನ್ನ ಕಂಪಾಸ್ ಬಾಕ್ಸಿನ ಮೇಲೆ ಕೈಯಿಟ್ಟ. ‘ಒಂದು ಪಿರಿಯಡ್ ಹೋದ್ರ ಪಗಾರ ಹಿಡೀತಾರ, ಕೊಡಲೇ’ ಎಂದ. ಅಲ್ಲಿಯವರೆಗೆ ನನ್ನನ್ನು ಲೇ ಎಂದವನಲ್ಲ. ಕೊಡಲಿಲ್ಲ. ಪಗಾರ ಹಿಡಿದರು. ನನ್ನ ಮೂರನೆಯ ಅಧ್ಯಾಯವೂ ಇನ್ನೂ ಮಾರ್ಗದರ್ಶಕರ ಕೈ ಸೇರಿಲ್ಲ. ಕರೆಂಟು ಮಾತ್ರ ತನ್ನ ಪಾಳಿಯಂತೆ ಬಂದು ಹೋಗುತ್ತಿದೆ, ಅದಕ್ಕೆ ಗೆರೆ ಎಳೆಯುವುದು ಒಂದು ರೂಮಿನ ಇಬ್ಬರಿಂದ ಆಗುವ ಕೆಲಸವಲ್ಲ.

ಈ ಬರಹವನ್ನು ಕಳಿಸುವ ಮೊದಲು ಅವನಿಗೆ ಓದಲು ಕೊಟ್ಟೆ. ಈ ಸಲ ಬೆನ್ನ ಹಿಂದೆ ಏನೂ ಬೇಡವೆಂದು. ನಿಧಾನಕ್ಕೆ ಓದಿದ. ‘ಎಲ್ಲಾ ಖರೆ ಐತಿ. ಆದ್ರ ಆ ಟ್ರ್ಯಾಕ್ಟರಿಗೆ ಹಿಂದಿನ ಲೈಟ್ ಇದ್ದಿಲ್ಲ, ಅದನ್ನೂ ಬರಿ’ ಎಂದ.

‘ಅಣ್ಣಾ, ಅವಾಗ ಎಂಟೂವರಿ ಮ್ಯಾಲೆ ಆಗಿತ್ತು. ಛಲೋ ಬಿಸಿಲು ಬಿದ್ದಿತ್ತು.’

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ‘ಬಿಸಿಲಿತ್ತೇನು?’ ಎಂದ.