ಪ್ರೇಕ್ಷಣೀಯ

ವ್ಯಾಕರಣವನ್ನು ಕಲಿಸುವಾಗ ‘ಪ್ರೇಕ್ಷಣೀಯ’ ಮೊದಲಾದ ಶಬ್ದಗಳ ಕೊನೆಯಲ್ಲಿರುವ ಕೃತ್ಯಪ್ರತ್ಯಯಕ್ಕೆ ಎರಡು ಅರ್ಥಗಳನ್ನು ಹೇಳಿಕೊಡುವುದು ವಾಡಿಕೆ. ನೋಡಲು ಶಕ್ಯವಾದದ್ದು ಎಂಬುದೊಂದು. ನೋಡಲು ಅರ್ಹವಾದದ್ದು ಎಂಬುದು ಮತ್ತೊಂದು. ಪಾಠಶಾಲೆಯ ಹುಡುಗರು ಈ ಭೇದವನ್ನು ಬಾಯಿಪಾಠ ಮಾಡಿ ಒಪ್ಪಿಸಿಬಿಡುತ್ತಾರೆ. ನಾನೂ ಹಾಗೆ ಒಪ್ಪಿಸಿದವನೇ. ಆದರೆ ಲೋಕವ್ಯವಹಾರದಲ್ಲಿ ಈ ಎರಡು ಅರ್ಥಗಳು ಒಂದನ್ನೊಂದು ಬಿಟ್ಟು ಎಷ್ಟು ದೂರ ಸರಿಯಬಲ್ಲವೆಂಬುದು ನನ್ನ ಮನಸ್ಸಿಗೆ ನಾಟಿದುದು ಬಹುಕಾಲದ ಮೇಲೆ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಡುನಾಡಿನಲ್ಲಿರುವ ಇಲಿನಾಯ್ ಎಂಬ ಸಂಸ್ಥಾನದ ಪ್ರೇಕ್ಷಣೀಯ ಸ್ಥಳಗಳ ವೃತ್ತಾಂತವನ್ನು ಓದುತ್ತಿದ್ದಾಗ.

ಇಲಿನಾಯ್ ಎಂದರೆ ನಮ್ಮವರಿಗೆ ಷಿಕಾಗೊ. ಷಿಕಾಗೊ ಎಂದರೆ ೧೮೯೩ರ ಸೆಪ್ಟೆಂಬರಿನಲ್ಲಿ ವಿವೇಕಾನಂದಸ್ವಾಮಿಗಳು ಮಾತನಾಡಿದ ಊರು. ಆ ಸರ್ವಧರ್ಮ ಸಮ್ಮೇಳನವು ನಡೆದ ಕಟ್ಟಡವು ಇಂದು ನಗರದ ಕಲಾಸಂಗ್ರಹಾಲಯವಾಗಿದೆ. ಸಮ್ಮೇಳನವು ಸೇರಿದುದು ಒಂದು ಮಹಾ ಜಾಗತಿಕ ಪ್ರದರ್ಶನದ ಅಂಗವಾಗಿ. ಅದೇ ಪ್ರದರ್ಶನದ ವಿನೋದಬೀದಿಯಲ್ಲಿ ಆಫ್ರಿಕಾದ ದಹೋಮಿ ದೇಶದ ಜನರನ್ನು ಗುಡಿಸಲುಗಳಲ್ಲಿರಿಸಿ, ಹಣ ತೆತ್ತು ಬಂದವರಿಗೆ ತೋರಿಸುತ್ತಿದ್ದರು. ಒಂದೇ ಊರು, ಒಂದೇ ಋತು. ಒಬ್ಬ ಪರದೇಶೀಯನ ಮಾತನ್ನು ಜನ ಕೇಳಿದರು, ಇನ್ನೊಂದು ದೇಶದವರ ಮೈಯನ್ನು ನೋಡಿ ಹೋದರು. ಮೊದಲನೆಯದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಎರಡನೆಯದನ್ನು ನಮಗೆ ಹೇಳಿದವರು ಕಡಮೆ.

ಆ ಸಂಸ್ಥಾನದ ರಾಜಧಾನಿಯಾದ ಸ್ಪ್ರಿಂಗ್‌ಫೀಲ್ಡಿನಲ್ಲಿ ಅಬ್ರಹಾಂ ಲಿಂಕನ್ನನ ಮನೆಯೂ ಸಮಾಧಿಯೂ ಇವೆ. ಮನೆಯನ್ನು ೧೮೮೭ರಲ್ಲಿ ಅವನ ಮಗ ರಾಬರ್ಟನು ಸಂಸ್ಥಾನಕ್ಕೆ ಒಪ್ಪಿಸುವಾಗ, ನೋಡಬಂದವರಿಂದ ಕಾಸು ತೆಗೆದುಕೊಳ್ಳಕೂಡದೆಂದು ನಿಬಂಧನೆಯನ್ನಿಟ್ಟನು. ಇಂದಿಗೂ ಅಲ್ಲಿ ಶುಲ್ಕವಿಲ್ಲ. ಸಮಾಧಿಯ ಕಥೆ ವಿಲಕ್ಷಣವಾದುದು. ೧೮೭೬ರ ನವೆಂಬರಿನಲ್ಲಿ ಖೋಟಾ ನೋಟಿನ ಗುಂಪೊಂದು, ಲಿಂಕನ್ನನ ಕಳೇಬರವನ್ನೇ ಕದ್ದು ಒತ್ತೆಯಿಟ್ಟುಕೊಂಡು ಹಣ ಕೇಳಬೇಕೆಂದು ಅಲ್ಲಿಗೆ ನುಗ್ಗಿತು. ಪ್ರಯತ್ನವು ಕೈಗೂಡಲಿಲ್ಲ. ಆದರೆ ಅಂದಿನ ಭಯವು ಮಗನನ್ನು ಬಿಡಲಿಲ್ಲ. ೧೯೦೧ರಲ್ಲಿ ಅವನ ಇಚ್ಛೆಯಂತೆ ಶವಪೆಟ್ಟಿಗೆಯನ್ನು ಉಕ್ಕಿನ ಪಂಜರದೊಳಗಿರಿಸಿ, ಹತ್ತು ಅಡಿ ಆಳಕ್ಕೆ ಇಳಿಸಿ, ಮೇಲೆ ಕಾಂಕ್ರೀಟನ್ನು ಸುರಿದರು. ಅಂದಿನಿಂದ ಅಲ್ಲಿಗೆ ಬರುವವರಿಗೆ ಕಾಣುವುದು ಮೇಲಿನ ಕಲ್ಲು ಮಾತ್ರ. ಹೊರಗಿನ ಕಂಚಿನ ತಲೆಯ ಮೂಗನ್ನು ಶುಭವಾಗಲೆಂದು ಸವರಿ ಸವರಿ ಹೊಳೆಯುವಂತೆ ಮಾಡಿದ್ದಾರೆ. ಕಾಣದುದರಿಂದ ಜನರ ಭಕ್ತಿಯೇನೂ ಕುಗ್ಗಿಲ್ಲ.

ಇನ್ನು ಅದೇ ಸಂಸ್ಥಾನದಲ್ಲಿ, ಸ್ಪ್ರಿಂಗ್‌ಫೀಲ್ಡಿಗೆ ವಾಯವ್ಯದಲ್ಲಿ, ಇಲಿನಾಯ್ ನದಿಯ ದಡದ ಎತ್ತರದ ಮೇಲೆ ಲೂಯಿಸ್‌ಟೌನ್ ಎಂಬ ಊರಿನ ಹತ್ತಿರದ ಹೊಲವನ್ನು ನೋಡಿ. ೧೯೨೭ರಲ್ಲಿ ಡಾನ್ ಡಿಕ್ಸನ್ ಎಂಬ, ಬೆನ್ನೆಲುಬನ್ನು ತಿದ್ದುವ ವೈದ್ಯನು, ತನ್ನ ಕುಟುಂಬದ ಹೊಲದಲ್ಲಿದ್ದ ದಿಬ್ಬವನ್ನು ಅಗೆಯತೊಡಗಿದನು. ಅದು ಸುಮಾರು ಎಂಟುನೂರು, ಸಾವಿರ ವರ್ಷಗಳ ಹಿಂದೆ ಅಲ್ಲಿ ಬಾಳಿದ ಮೂಲನಿವಾಸಿಗಳ ಶ್ಮಶಾನವಾಗಿತ್ತು. ಡಿಕ್ಸನ್ನನು ದುಷ್ಟನಲ್ಲ. ಎಲುಬುಗಳನ್ನು ಕಿತ್ತು ಮಾರಲಿಲ್ಲ. ಮಣ್ಣನ್ನು ಮಾತ್ರ ತೆಗೆದು, ಸತ್ತವರನ್ನು ಅವರವರು ಮಲಗಿದ್ದಂತೆಯೇ, ಪಕ್ಕದಲ್ಲಿಟ್ಟಿದ್ದ ಮಡಕೆಕುಡಿಕೆಗಳೊಡನೆ ಬಿಟ್ಟನು. ಮೇಲೆ ಮೊದಲು ಡೇರೆಯನ್ನು ಹೊದಿಸಿ, ಅನಂತರ ಕಟ್ಟಡವನ್ನು ಕಟ್ಟಿದನು. ಜನ ನೋಡಬಂದರು. ೧೯೪೫ರಲ್ಲಿ ಸಂಸ್ಥಾನದ ಸರಕಾರವೇ ಅದನ್ನು ಕೊಂಡಿತು. ೧೯೭೨ರಲ್ಲಿ ಅಲ್ಲಿ ದೊಡ್ಡ ಸಂಗ್ರಹಾಲಯವನ್ನು ತೆರೆಯಿತು. ಇನ್ನೂರಕ್ಕೂ ಮೇಲ್ಪಟ್ಟ ಅಸ್ಥಿಪಂಜರಗಳನ್ನು ಉಪಾಧ್ಯಾಯರು ಮಕ್ಕಳಿಗೆ ತೋರಿಸಿ, ಪೂರ್ವೇತಿಹಾಸದ ಪಾಠವನ್ನು ಹೇಳುತ್ತಿದ್ದರು. ಒಬ್ಬ ಸತ್ತವನನ್ನು ಯಾರೂ ನೋಡಬಾರದೆಂದು ಹತ್ತು ಅಡಿ ಕಾಂಕ್ರೀಟು. ಇನ್ನೂರು ಮಂದಿ ಸತ್ತವರನ್ನು ಎಲ್ಲರೂ ನೋಡಲೆಂದು ದೀಪ.

ಈ ಭೇದಕ್ಕೆ ಕಾರಣವೇನು? ಲಿಂಕನ್ನನಿಗೆ ಹೆಸರಿತ್ತು, ಮಗನಿದ್ದನು. ಇವರಿಗೆ ಹೆಸರು ಉಳಿದಿರಲಿಲ್ಲ, ಇವರ ಮಕ್ಕಳಾರೆಂದು ಹೇಳಬಲ್ಲವರು ಇರಲಿಲ್ಲ. ಇದನ್ನೇ ಒಂದು ವಾದವಾಗಿ ಮಾಡಿದವರೂ ಉಂಟು: ಇಂದಿನ ಯಾವ ಬುಡಕಟ್ಟಿನವರು ತಾನೇ ಇವರು ನಮ್ಮ ಪೂರ್ವಜರೆಂದು ರುಜುವಾತು ಮಾಡಬಲ್ಲರು, ಎಂದು. ಆದರೆ ಸತ್ತವರ ಮಾನವನ್ನು ಕಾಯುವುದಕ್ಕೆ ವಂಶವೃಕ್ಷದ ಪತ್ರ ಬೇಕೆ? ನಮ್ಮಲ್ಲಿ ತರ್ಪಣ ಮಾಡುವವನು ತನ್ನ ಪಿತೃಗಳಿಗೆ ನೀರುಬಿಟ್ಟ ಮೇಲೆ, ಯಾರಿಗೆ ತಾಯಿ ತಂದೆ ಬಂಧುಗಳಿಲ್ಲವೋ ಅವರಿಗೂ ಒಂದು ಬೊಗಸೆ ಬಿಡುತ್ತಾನೆ. ಯಾರೂ ಇಲ್ಲದವರು ಯಾರು ಬೇಕಾದರೂ ನೋಡಬಹುದಾದವರು ಎಂದು ಆ ವಿಧಿಯನ್ನು ಮಾಡಿದವರಿಗೆ ತೋರಲಿಲ್ಲ. ಎಲ್ಲರೂ ಸ್ವಲ್ಪಸ್ವಲ್ಪವಾಗಿ ಹೊಣೆಯಾಗಬೇಕಾದವರೆಂದು ತೋರಿತು.

ಆದರೂ ಎದುರುಪಕ್ಷವನ್ನು ಹಗುರವಾಗಿ ತಳ್ಳುವುದು ನ್ಯಾಯವಲ್ಲ. ಆ ಎಲುಬುಗಳನ್ನು ಪರೀಕ್ಷಿಸಿದ ಪಂಡಿತರು, ಆ ಜನ ಮುಸುಕಿನ ಜೋಳದ ಬೇಸಾಯವನ್ನೇ ಹೆಚ್ಚಾಗಿ ನೆಚ್ಚಿದಾಗ ಅವರ ಹಲ್ಲುಗಳಲ್ಲಿಯೂ ರಕ್ತದಲ್ಲಿಯೂ ಬಲಗುಂದಿದ ಗುರುತುಗಳು ಹೆಚ್ಚಿದುವೆಂದು ಕಂಡುಕೊಂಡರು. ಬೇಸಾಯವೆಂದರೆ ಏಳಿಗೆಯೆಂದೇ ತಿಳಿದಿದ್ದವರಿಗೆ ಇದು ಸಾಮಾನ್ಯವಾದ ತಿಳಿವಳಿಕೆಯಲ್ಲ. ಆದರೆ ತಜ್ಞನು ಒಂದು ಪ್ರಶ್ನೆಯನ್ನಿಟ್ಟುಕೊಂಡು ಪರೀಕ್ಷಿಸುವುದು ಬೇರೆ, ಭಾನುವಾರ ಮಧ್ಯಾಹ್ನ ಜನ ಸಾಲಾಗಿ ಬಗ್ಗಿ ನೋಡಿ ಹೋಗುವುದು ಬೇರೆ. ಮಕ್ಕಳು ಕಲಿಯುತ್ತಿದ್ದರಲ್ಲ ಎಂದರೆ, ಈ ಮಾತಿಗೆ ನಾನು ಸುಲಭವಾಗಿ ಉತ್ತರ ಹೇಳಲಾರೆ. ನಾನೇ ಆ ಊರಿನ ಉಪಾಧ್ಯಾಯನಾಗಿದ್ದಿದ್ದರೆ ತರಗತಿಯನ್ನು ಸಾಲುಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದೆನೆಂಬುದರಲ್ಲಿ ಸಂದೇಹವಿಲ್ಲ. ಹೋಗಿ, ಗಲಾಟೆ ಮಾಡಬೇಡಿರೆಂದು ಗದರಿಸುತ್ತಲೂ ಇದ್ದೆನು. ಆ ಹುಡುಗರ ನಡುವೆ ಮೂಲನಿವಾಸಿಗಳ ಮಗುವೊಂದು ನಿಂತಿದ್ದರೆ ಅದು ಏನು ಕಲಿಯುತ್ತಿತ್ತೆಂದು ನನಗೆ ಆಗ ಹೊಳೆಯುತ್ತಿತ್ತೆ?

ಆ ಪ್ರಶ್ನೆಯನ್ನು ಕೊನೆಗೆ ಅವರೇ ಎತ್ತಿದರು. ೧೯೯೦ರಲ್ಲಿ ಪ್ರದರ್ಶನವನ್ನು ಮುಚ್ಚಬೇಕೆಂದು ಯೋಚನೆ ಹುಟ್ಟಿದಾಗ, ಊರಿನವರು ತಮ್ಮ ಹೆಮ್ಮೆಯ ಸ್ಥಳವು ಹೋಗುವುದೆಂದು ವಿರೋಧಿಸಿದರು. ಆಗಿನ ಗವರ್ನರು ಹಿಂದೆಗೆದರು. ಬುಡಕಟ್ಟುಗಳ ಜನ ಬಂದು ಪ್ರತಿಭಟಿಸಿದರು. ಕೆಲವರು ಹಳ್ಳಕ್ಕಿಳಿದು ಎಲುಬುಗಳ ಮೇಲೆ ಮಣ್ಣು ಹಾಕತೊಡಗಿದರು. ೧೯೯೨ರ ಏಪ್ರಿಲಿನಲ್ಲಿ, ಜಿಮ್ ಎಡ್ಗರ್ ಗವರ್ನರಾಗಿದ್ದಾಗ, ಆ ಭಾಗವನ್ನು ಮುಚ್ಚಿದರು. ಅಸ್ಥಿಗಳು ಅಲ್ಲಿಯೇ ನೆಲದೊಳಗುಳಿದುವು. ಸಂಗ್ರಹಾಲಯವು ೧೯೯೪ರಲ್ಲಿ ಹೊಸ ರೂಪದಲ್ಲಿ ತೆರೆಯಿತು.

ಎಲುಬಿಲ್ಲದೆ ಜನ ಏನನ್ನು ನೋಡಬರುತ್ತಾರೆಂಬ ಚಿಂತೆಗೆ ಅದೇ ಸಂಸ್ಥಾನದ ದಕ್ಷಿಣದಲ್ಲಿ, ಮಿಸಿಸಿಪಿ ನದಿಯ ಬಯಲಿನಲ್ಲಿ ಉತ್ತರವಿದೆ. ಕಾಹೋಕಿಯ ಎಂಬಲ್ಲಿ ಅದೇ ಕಾಲದ ಜನ ಬುಟ್ಟಿಬುಟ್ಟಿಯಾಗಿ ಮಣ್ಣು ಹೊತ್ತು ಸುಮಾರು ನೂರು ಅಡಿ ಎತ್ತರದ ದಿಬ್ಬವನ್ನು ಎತ್ತಿದರು. ಕ್ರಿಸ್ತಶಕ ೧೧೦೦ರ ಸುಮಾರಿಗೆ ಅಲ್ಲಿ ಸಾವಿರಾರು ಜನರ ನಗರವಿತ್ತು. ಆ ನಗರದ ನಿಜನಾಮವು ಉಳಿದಿಲ್ಲ. ಈಗಿನ ಹೆಸರು ಬಹಳ ತರುವಾಯ ಅಲ್ಲಿದ್ದ ಒಂದು ಬುಡಕಟ್ಟಿನದು. ದಿಬ್ಬವನ್ನು ‘ಸಂನ್ಯಾಸಿಗಳ ದಿಬ್ಬ’ವೆನ್ನುವುದು ಕೂಡ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹತ್ತಿರದಲ್ಲಿ ಕೆಲಕಾಲವಿದ್ದ ಕ್ರೈಸ್ತ ಯತಿಗಳಿಂದಾಗಿ. ೧೯೮೨ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿದವನಿಗೆ ಮೇಲೆ ಸಿಕ್ಕುವುದು ಹುಲ್ಲು, ಗಾಳಿ, ದೂರದಲ್ಲಿ ಹೊಳೆಯಾಚೆಯ ಸೇಂಟ್ ಲೂಯಿ ನಗರದ ಕಮಾನು. ಉಳಿದುದನ್ನು ಅವನೇ ಊಹಿಸಿಕೊಳ್ಳಬೇಕು. ಮಣ್ಣಿನ ಗುಡ್ಡೆಯೇನು ನೋಡುವುದೆಂದು ಅರ್ಧದಿಂದಲೇ ಇಳಿಯುವವರೂ ಇರಬಹುದು. ಅವರಿಂದ ಯಾರಿಗೂ ನಷ್ಟವಿಲ್ಲ.

ಲೂಯಿಸ್‌ಟೌನಿನ ಅಸ್ಥಿಗಳು ಮಣ್ಣು ಸೇರಿದರೂ ಅವುಗಳ ಚಿತ್ರಗಳು ಹಳೆಯ ಅಂಚೆಕಾರ್ಡುಗಳಲ್ಲಿ ಇಂದಿಗೂ ಕೈಯಿಂದ ಕೈಗೆ ಹೋಗುತ್ತಿವೆ. ಅಂತಹದೊಂದು ನನ್ನ ಕೈಗೂ ಬಂದಿತು. ಎಲುಬುಗಳ ಮಗ್ಗುಲಲ್ಲಿ ಒಂದು ಸಣ್ಣ ಮಡಕೆಯಿತ್ತು. ಅದನ್ನು ನಾನು ಕನ್ನಡಕವನ್ನು ಒರಸಿಕೊಂಡು ಮತ್ತೊಮ್ಮೆ ನೋಡಿದೆನೆಂಬುದನ್ನು, ಇಷ್ಟೆಲ್ಲ ಬರೆದ ಮೇಲೆ, ವಾಚಕರಿಂದ ಮರೆಮಾಚುವುದು ಸರಿಯಲ್ಲ.